ಕಂಪಾರಟಿವ್ ಡಿಗ್ರಿ: ಎಲ್ಲಿ ಇ-ಆರ್, ಎಲ್ಲಿ ಮೋರ್

'ಮಂಗಳೂರಿಗಿಂತ ಉಡುಪಿ ಚಿಕ್ಕದು.' ಇಲ್ಲಿ ಹೋಲಿಕೆಯ ಭಾರವೆಲ್ಲ 'ಗಿಂತ'ದ ಮೇಲೆ. 'ಚಿಕ್ಕದು' ಬದಲಾಗುವುದಿಲ್ಲ. ತುಳುವಿನಲ್ಲೂ ಗುಣವಾಚಕ ಹಾಗೇ ಉಳಿಯುತ್ತದೆ. ಅದಕ್ಕೇ ನಮ್ಮ ಕಡೆಯ ಉತ್ತರಪತ್ರಿಕೆಗಳಲ್ಲಿ 'ಉಡುಪಿ ಈಸ್ ಸ್ಮಾಲ್ ದ್ಯಾನ್ ಮಂಗಳೂರು' ಎಂದು ಬಂದುಬಿಡುತ್ತದೆ. ಇಂಗ್ಲಿಷಿಗೆ 'ದ್ಯಾನ್' ಒಂದೇ ಸಾಲದು, 'ಸ್ಮಾಲರ್' ಆಗಲೇಬೇಕು.

ಕೊನೆಗೆ ಇ-ಆರ್ ಸೇರಿಸಬೇಕೋ, ಮುಂದೆ 'ಮೋರ್' ಇಡಬೇಕೋ ಎಂಬುದನ್ನು ಹೆಚ್ಚಾಗಿ ಸಿಲಬಲ್ (ಒಂದು ಸ್ವರದ ಸುತ್ತ ಒಂದೇ ಉಸಿರಿಗೆ ಬರುವ ಪದದ ತುಂಡು) ತೀರ್ಮಾನಿಸುತ್ತದೆ. ಎಡವುವುದು ಇಲ್ಲೇ. ಎಣಿಸಬೇಕಾದದ್ದು ಅಕ್ಷರಗಳನ್ನಲ್ಲ, ಕಿವಿಗೆ ಕೇಳುವ ಸ್ವರಗಳನ್ನು. 'ಸ್ಟ್ರಾಂಗ್' ಬರೆಯಲು ಆರು ಅಕ್ಷರ ಬೇಕು, ಕೇಳುವ ಸ್ವರ ಮಾತ್ರ ಒಂದೇ. ಹಾಗಾಗಿ 'ಸ್ಟ್ರಾಂಗರ್'. ನಾವು ಮಾತಿನಲ್ಲಿ ಕೊನೆಗೊಂದು 'ಉ' ಅಂಟಿಸುತ್ತೇವೆ: ಸ್ಮಾರ್ಟು, ಚೀಪು, ಲಾಂಗು. ಆ 'ಉ'ವನ್ನೂ ಲೆಕ್ಕಕ್ಕೆ ಹಿಡಿದರೆ ಎರಡು ಸಿಲಬಲ್ ಆಗಿ, 'ಮೋರ್ ಸ್ಮಾರ್ಟ್' ಎಂಬಲ್ಲಿಗೆ ಹೋಗುತ್ತೇವೆ. ಮೊದಲು 'ಉ' ಕಿತ್ತುಹಾಕಿ, ಆಮೇಲೆ ಎಣಿಸಿ. ಲಾರ್ಜ್, ವೈಡ್ ಪದಗಳ ಕೊನೆಯ 'ಇ' ಕೇಳಿಸುವುದೇ ಇಲ್ಲ. ಅವೂ ಒಂದೇ ಸಿಲಬಲ್, ಬರವಣಿಗೆಯಲ್ಲಿ ಬರೀ 'ಆರ್' ಸೇರಿಸಿದರೆ ಸಾಕು. ಟಯರ್ಡ್, ಬೋರ್ಡ್ (ಬೇಸರಗೊಂಡ) ಮಾತ್ರ ಗಿಡ್ಡ ಪದಗಳಾದರೂ 'ಮೋರ್' ಕೇಳುತ್ತವೆ.

ಎರಡು ಸಿಲಬಲ್ ಇದ್ದು 'ವೈ'ಯಿಂದ ಮುಗಿದರೆ (ಈಸಿ, ಬಿಸಿ, ಹೆವಿ) ವೈ ಹೋಗಿ ಐ-ಇ-ಆರ್. ಹ್ಯೂಮಿಡ್, ಮಾಡರ್ನ್‌ನಂಥವಕ್ಕೆ 'ಮೋರ್': 'ಮಂಗಳೂರು ಈಸ್ ಮೋರ್ ಹ್ಯೂಮಿಡ್ ದ್ಯಾನ್ ಬೆಂಗಳೂರು.' ಸಿಂಪಲ್, ನ್ಯಾರೋ, ಕ್ಲೆವರ್ ಎರಡಕ್ಕೂ ಒಗ್ಗುತ್ತವೆ. ಮೂರು ಸಿಲಬಲ್ ಆದರೆ, ಅನ್‌ಹ್ಯಾಪಿಯರ್‌ನಂಥವನ್ನು ಬಿಟ್ಟು, 'ಮೋರ್'. ಗುಡ್-ಬೆಟರ್, ಬ್ಯಾಡ್-ವರ್ಸ್ ಬಾಯಿಪಾಠವೇ ಸರಿ.

ಕನ್ನಡದಲ್ಲಿ 'ಹಾಟರ್' ಎಂದು ಬರೆದರೆ ಒಂದು ಸಂಗತಿ ಕಾಣಿಸುವುದಿಲ್ಲ: ಇಂಗ್ಲಿಷಿನಲ್ಲಿ ಅಲ್ಲಿ 'ಟಿ' ಎರಡಿದೆ. ಒಂದೇ ಸಿಲಬಲಿನ ಪದದ ಕೊನೆಯ ಮೂರು ಅಕ್ಷರ ವ್ಯಂಜನ-ಸ್ವರ-ವ್ಯಂಜನ ಆಗಿದ್ದರೆ ಕೊನೆಯದು ಇಮ್ಮಡಿ: ಬಿಗ್, ಹಾಟ್, ವೆಟ್. 'ಚೀಪ್'ನಲ್ಲಿ ಸ್ವರಾಕ್ಷರ ಎರಡು, ಆದ್ದರಿಂದ 'ಪಿ' ಒಂದೇ. 'ಸ್ಲೋ' ಪದದ 'ಡಬ್ಲ್ಯೂ' ಇಮ್ಮಡಿಯಾಗದು.

'ಮೋರ್ ಹಾಟರ್' ತಪ್ಪು, 'ವೆರಿ ಹಾಟರ್' ಕೂಡ ತಪ್ಪು. ಒತ್ತು ಬೇಕಿದ್ದರೆ 'ಮಚ್ ಹಾಟರ್'.

'ಮಲ್ಪೆಯಲ್ಲಿ ಮೀನು ಮಂಗಳೂರಿಗಿಂತ ಅಗ್ಗ' ಎಂದರೆ ನಮಗೆ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲಿ ಹಾಗೇ ಬರೆದರೆ ಮೀನನ್ನು ಊರಿಗೇ ಹೋಲಿಸಿದಂತಾಗುತ್ತದೆ. 'ಚೀಪರ್ ದ್ಯಾನ್ ಇನ್ ಮಂಗಳೂರು' ಎಂದು 'ಇನ್' ಉಳಿಸಿಕೊಳ್ಳಿ. ಸೀನಿಯರ್, ಜೂನಿಯರ್ ಪದಗಳ ನಂತರ ಮಾತ್ರ 'ದ್ಯಾನ್' ಬೇಡ, 'ಟು' ಹಾಕಿ.