ಮದ್ದು ಹಚ್ಚುವವರ ಮೂಗು, ಹಚ್ಚಿಸಿಕೊಳ್ಳುವವರ ಮೂಗು

ಕಳೆದ ಮಳೆಗಾಲದ ಒಂದು ಶುಕ್ರವಾರ ಸಂಜೆ ಮೈಸೂರಿನ ಕುವೆಂಪುನಗರದ ಮನೆಯೊಂದಕ್ಕೆ ಹೋದಾಗ, 58 ವರ್ಷದ ಮಗ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೊಡೆ ಹಿಡಿದು ಕುಳಿತಿದ್ದರು. ಸಹಕಾರ ಸಂಘವೊಂದರಲ್ಲಿ ಮೂರು ದಶಕ ಲೆಕ್ಕ ಬರೆದವರು ಅವರು. ತಮ್ಮನ ಮೊಮ್ಮಗುವಿಗೆ ಆಟಿಸಂ (ಒಡನಾಟ, ಮಾತು, ಇಂದ್ರಿಯಗಳ ಗ್ರಹಿಕೆ ಬಾಲ್ಯದಿಂದಲೇ ಬೇರೆ ತೆರನಾಗಿರುವ ಸ್ಥಿತಿ) ಇದೆಯೆಂದು ತಿಳಿದ ಮೇಲೆ, ತಮ್ಮ 53ನೇ ವಯಸ್ಸಿನಲ್ಲಿ, ತಮಗೂ ಅದೇ ಇದೆಯೆಂದು ತಿಳಿದುಕೊಂಡವರು. ಒಳಗೆ ಬನ್ನಿರೆಂದರೆ ಬೇಡವೆಂದು ತಲೆಯಾಡಿಸಿದರು. ಅವರ ತಾಯಿಗೆ 83 ವರ್ಷ. "ಪ್ರತಿ ಶುಕ್ರವಾರವೂ ಇದೇ ಕಥೆ ಮೇಡಂ. ನಾಳೆ ಎಣ್ಣೆಸ್ನಾನ ಅಂತ ಗೊತ್ತಾದರೆ ಸಾಕು, ರಾತ್ರಿ ಊಟಾನೂ ಬಿಡ್ತಾನೆ. ತಲೆ ತಂಪಾಗಿರಲಿ ಅಂತ ತಾನೇ ನಾನು ಹಚ್ಚೋದು?" ಎಂದರು.

ಒಲೆಯ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಒಂದೆಲಗ ಕುದಿಯುತ್ತಿತ್ತು. ಇಳಿಸುವ ಹೊತ್ತಿಗೆ ಆಕೆ ನಾಲ್ಕು ಬಿಲ್ಲೆ ಕರ್ಪೂರ ಪುಡಿ ಮಾಡಿ ಹಾಕಿದರು. ನನ್ನ ಕಣ್ಣಲ್ಲಿ ನೀರು ಬಂತು. "ಈಗಿನ ಕರ್ಪೂರದಲ್ಲಿ ಘಾಟೇ ಇಲ್ಲ. ಮುಂಚೆ ಒಂದು ಬಿಲ್ಲೆ ಸಾಕಾಗ್ತಿತ್ತು" ಎಂದರು ಆಕೆ. ಅನುಮಾನ ಬಂದು, ಅವರ ಅನುಮತಿ ಕೇಳಿ ಕಣ್ಣು ಮುಚ್ಚಿಸಿ, ಅಂದೇ ಪುಡಿ ಮಾಡಿಸಿ ತಂದಿದ್ದ ಕಾಫಿಪುಡಿಯ ಡಬ್ಬಿಯನ್ನು ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ. ಎರಡು ಸಲ ಮೂಸಿ, "ಏನದು, ಖಾಲಿ ಡಬ್ಬಿನಾ?" ಎಂದು ಕೇಳಿದರು.

ಕರ್ಪೂರದ ಘಾಟು ಕಡಿಮೆಯಾಗಿರಲಿಲ್ಲ. ವಯಸ್ಸಾದಂತೆ ವಾಸನೆ ಗ್ರಹಿಸುವ ಶಕ್ತಿ ಕುಗ್ಗುತ್ತದೆ, ಮತ್ತು ಬಹಳ ನಿಧಾನವಾಗಿ ಕುಗ್ಗುವುದರಿಂದ ಕುಗ್ಗಿದ್ದು ಕುಗ್ಗಿದವರಿಗೇ ತಿಳಿಯುವುದಿಲ್ಲ. ತಾಯಿಯ ಮೂಗಿಗೆ ಸಾಲದ್ದನ್ನು ಮಗನ ಮೂಗು ವರ್ಷದಿಂದ ವರ್ಷಕ್ಕೆ ಹೆಚ್ಚು ಹೆಚ್ಚಾಗಿ ಅನುಭವಿಸುತ್ತಾ ಬಂದಿತ್ತು. ಮಗನಿಗೋ, ಪಕ್ಕದ ಮನೆಯ ಅಗರಬತ್ತಿಯೂ ತಲೆಶೂಲೆ ತರಿಸುವಷ್ಟು ಚುರುಕು ಮೂಗು. ಈ ಎರಡು ಮೂಗುಗಳ ನಡುವಿನ ಅಂತರವನ್ನು ಆ ಮನೆಯಲ್ಲಿ ಎಲ್ಲರೂ "ಹಟ" ಎಂದು ಕರೆಯುತ್ತಿದ್ದರು.

ಆಕ್ಯುಪೇಷನಲ್ ಥೆರಪಿಸ್ಟ್ ಆಗಿ, ಅಂದರೆ ದಿನನಿತ್ಯದ ಕೆಲಸಗಳನ್ನು ಸುಗಮಗೊಳಿಸಲು ನೆರವಾಗುವ ಚಿಕಿತ್ಸಕಿಯಾಗಿ, ನಾನು ಕಾಣುವ ಹಿರಿಯರ ಮನೆಗಳಲ್ಲಿ ಪದೇ ಪದೇ ಎದುರಾಗುವ, ಮತ್ತು ನನ್ನ ತಾಳ್ಮೆಯನ್ನು ನಿಜಕ್ಕೂ ಪರೀಕ್ಷಿಸುವ ತಪ್ಪು ಇದೊಂದೇ. ಮನೆಮದ್ದನ್ನು ಮನೆಯವರು ತಮ್ಮ ನಾಲಿಗೆ, ತಮ್ಮ ಮೂಗು, ತಮ್ಮ ಚರ್ಮದಿಂದ ಅಳೆಯುತ್ತಾರೆ. ತಮಗೆ ಹಿತವಾದದ್ದು ಅವರಿಗೂ ಹಿತವೆಂದು ನಂಬುತ್ತಾರೆ. ಆಟಿಸಂ ಇರುವ ವ್ಯಕ್ತಿ ಅದನ್ನು ಒಲ್ಲೆನೆಂದರೆ ಒಳ್ಳೆಯ ಮದ್ದನ್ನು ಬೇಡವೆನ್ನುತ್ತಿದ್ದಾರೆಂದು ತಿಳಿದು, ಪ್ರೀತಿಯಿಂದಲೇ, ಇನ್ನೂ ಒತ್ತಾಯ ಮಾಡುತ್ತಾರೆ. ಯಾವ ಇಂದ್ರಿಯದ ಸೂಕ್ಷ್ಮತೆಯನ್ನು ತಣಿಸಬೇಕೆಂದು ಮದ್ದು ಮಾಡುತ್ತಾರೋ ಅದೇ ಇಂದ್ರಿಯದ ಮೇಲೆ ಆ ಮದ್ದು ದಾಳಿ ಮಾಡುತ್ತಿರುತ್ತದೆ. ಇದನ್ನು ನಾನು ಒಂದೇ ಮನೆಯಲ್ಲಿ ಮೂರು ಬಾರಿ ವಿವರಿಸಿದ್ದುಂಟು. ನಾಲ್ಕನೆಯ ಬಾರಿ ಹೋದಾಗ ಕರ್ಪೂರದ ಬದಲು ನೀಲಗಿರಿ ಎಣ್ಣೆ ಬಂದಿತ್ತು.

ಆದ್ದರಿಂದ ಇನ್ನೊಮ್ಮೆ, ಬೇರೆ ರೀತಿಯಲ್ಲಿ ಹೇಳುತ್ತೇನೆ. ಎಣ್ಣೆಯೆಂದರೆ ಔಷಧದ ಗುಣವಷ್ಟೇ ಅಲ್ಲ. ಅದು ಜಿಡ್ಡು, ಕುತ್ತಿಗೆಗಿಳಿಯುವ ಹನಿ, ದಿಂಬಿಗೆ ಅಂಟುವ ವಾಸನೆ, ತೊಳೆಯುವಾಗ ಕಣ್ಣಿಗೆ ಬೀಳುವ ಸೀಗೆಪುಡಿ. ಕಷಾಯವೆಂದರೆ ಮೆಣಸಿನ ಖಾರ, ಗಂಟಲಲ್ಲಿ ಉಳಿಯುವ ಒಗರು, ಲೋಟದ ತಳದ ಗಸಿ. ಇಸಬ್ಗೋಲ್ ಎಂದರೆ ನಿಮಿಷದೊಳಗೆ ಲೋಳೆಯಾಗುವ ನೀರು. ಇವುಗಳಲ್ಲಿ ಯಾವುದು ಯಾರಿಗೆ ಅಸಹನೀಯವೆಂದು ನಾನು ಮೊದಲೇ ಹೇಳಲಾರೆ, ಏಕೆಂದರೆ ಆಟಿಸಂ ಇರುವ ಇಬ್ಬರ ಸೂಕ್ಷ್ಮತೆ ಒಂದೇ ತೆರನಾಗಿರುವುದಿಲ್ಲ; ಒಬ್ಬರೇ ವ್ಯಕ್ತಿ ಸ್ಪರ್ಶಕ್ಕೆ ಬೆಚ್ಚಿ ಬಿದ್ದು, ಸುಡುವ ಬಿಸಿಯನ್ನು ಮಾತ್ರ ಗಮನಿಸದೆ ಇರುವುದೂ ಉಂಟು. ಆದರೆ ಅವರನ್ನು ಕೇಳಿದರೆ ತಿಳಿಯುತ್ತದೆ. ಮಾತು ಕಡಿಮೆಯಿರುವವರಾದರೆ ನೋಡಿದರೆ ತಿಳಿಯುತ್ತದೆ. ಅವರು ಕೊಡೆ ಹಿಡಿದು ಮಳೆಯಲ್ಲಿ ಕುಳಿತಿದ್ದರೆ ಅದೇ ಉತ್ತರ.

ಈ ಪೀಳಿಗೆಯವರನ್ನು ಬಾಲ್ಯದಲ್ಲಿ ಯಾರೂ ಗುರುತಿಸಲಿಲ್ಲ. ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಇದ್ದ 11 ಮಕ್ಕಳ ಬಗ್ಗೆ ಬರೆದದ್ದು ನಮ್ಮ ಊರುಗಳ ವೈದ್ಯರವರೆಗೆ ಬರಲು ದಶಕಗಳೇ ಹಿಡಿದವು. ನಮ್ಮ 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ, 2016ರ ಕಾಯ್ದೆಯಲ್ಲಿ ಬಂತು. ಇಂದ್ರಿಯಗಳ ಅತಿಸೂಕ್ಷ್ಮತೆ ಅಥವಾ ಮಂದತೆ ರೋಗನಿರ್ಣಯದ ಲಕ್ಷಣಗಳಲ್ಲಿ ಒಂದೆಂದು ಅಮೆರಿಕದ ಮನೋವೈದ್ಯರ ಕೈಪಿಡಿ ಸೇರಿಸಿಕೊಂಡದ್ದು 2013ರಲ್ಲಿ. ಅಷ್ಟರಲ್ಲಿ ಇವರೆಲ್ಲ ಐವತ್ತರ ಆಸುಪಾಸಿನಲ್ಲಿದ್ದರು. ಮುಂಗೋಪಿ, ಮಡಿವಂತ, ಹಟಮಾರಿ ಎಂಬ ಹೆಸರುಗಳನ್ನೂ, ಅವುಗಳಿಗೆ ತಕ್ಕ ಮದ್ದುಗಳನ್ನೂ ಅರ್ಧ ಶತಮಾನ ಹೊತ್ತಿದ್ದರು. ಇದು ಮಕ್ಕಳ ಕಾಯಿಲೆ, ದೊಡ್ಡವರಾದ ಮೇಲೆ ಇರುವುದಿಲ್ಲವೆನ್ನುವವರಿಗೆ ನಾನು ನೆನಪಿಸುವುದು, ಕ್ಯಾನರ್ ಬರೆದ ಮೊದಲ ಹುಡುಗ ಡೊನಾಲ್ಡ್ ಟ್ರಿಪ್ಲೆಟ್ ಬದುಕಿದ್ದು 2023ರವರೆಗೆ, 89 ವರ್ಷ.

ವಯಸ್ಸಾದಂತೆ ಸೂಕ್ಷ್ಮತೆ ಮಂದವಾಗುತ್ತದೆಯೆಂಬ ನಿರೀಕ್ಷೆಯೂ ಮನೆಗಳಲ್ಲಿರುತ್ತದೆ. ಕಿವಿಯ ವಿಷಯದಲ್ಲಿ ಇದು ದೊಡ್ಡ ಮೋಸ. ಕಿವಿಯೊಳಗೆ ಶಬ್ದ ಗ್ರಹಿಸುವ ಕೂದಲ ಕೋಶಗಳು ಸವೆದವರಿಗೆ ಮೆಲುದನಿ ಕೇಳಿಸುವುದಿಲ್ಲ, ಆದರೆ ಶಬ್ದ ಒಂದು ಮಟ್ಟ ದಾಟಿತೆಂದರೆ ಥಟ್ಟನೆ ನೋವಾಗುವಷ್ಟು ಜೋರಾಗಿ ಕೇಳಿಸಬಹುದು. "ಕರೆದರೆ ಓಗೊಡೋದಿಲ್ಲ, ಕುಕ್ಕರ್ ಕೂಗಿದರೆ ಮಾತ್ರ ಕಿವಿ ಮುಚ್ಚಿಕೊಂಡು ಕಿರುಚ್ತಾರೆ, ಬೇಕಂತಲೇ ಮಾಡ್ತಾರೆ" ಎಂದು ಒಬ್ಬ ಅತ್ತಿಗೆ ದೂರಿದ್ದರು. ಬೇಕಂತಲೇ ಅಲ್ಲ, ಎರಡೂ ಒಂದೇ ಕಿವಿಯ ಕೆಲಸ. ಆ ಮನೆಯಲ್ಲಿ ಕಿವಿ ಮುಚ್ಚಿಕೊಳ್ಳುವುದನ್ನು ಕಿವಿನೋವೆಂದು ತಿಳಿದು ವಾರಕ್ಕೆರಡು ಸಲ ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಡುತ್ತಿದ್ದರು. ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ಸೋಂಕಿಗೆ ದಾರಿ, ಬಿಸಿ ಹೆಚ್ಚಾಗಿದ್ದರೆ ಸುಟ್ಟ ಗಾಯ. ದಯವಿಟ್ಟು ಮೊದಲು ಶ್ರವಣ ಪರೀಕ್ಷೆ ಮಾಡಿಸಿರಿ. ಮೈಸೂರಿನವರಿಗಂತೂ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೇ ಮಾನಸಗಂಗೋತ್ರಿಯಲ್ಲಿದೆ. ಕಣ್ಣಿಗೂ ಇದೇ ಮಾತು: ಪೊರೆ ಬೆಳೆಯುವಾಗ ಬೆಳಕು ಚೆದುರಿ ಕುಕ್ಕುತ್ತದೆ, ಶಸ್ತ್ರಚಿಕಿತ್ಸೆಯಾದ ಮೇಲೆ ಲೋಕವೆಲ್ಲ ಒಮ್ಮೆಲೇ ಬೆಳ್ಳಗಾಗುತ್ತದೆ. ಆ ವಾರಗಳಲ್ಲಿ ಹಣೆಗೆ ಗಂಧದ ಪಟ್ಟು ಹಾಕುವುದಕ್ಕಿಂತ ಕಿಟಕಿಗೆ ದಪ್ಪ ಪರದೆ ಹಾಕುವುದು ಮೇಲು. ಹಳೆಯ ಕಬ್ಬಿಣದ ಚೋಕಿನ ಟ್ಯೂಬ್‌ಲೈಟ್ ಇನ್ನೂ ಉರಿಯುತ್ತಿದ್ದರೆ ಅದನ್ನು ಬದಲಿಸಿರಿ. ಅದು ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಜೊತೆಗೆ ಗುಂಯ್‌ಗುಡುತ್ತದೆ. ನಿಮಗೆ ಕೇಳಿಸದಿದ್ದರೆ ಅದು ಗುಂಯ್‌ಗುಡುತ್ತಿಲ್ಲವೆಂದು ಅರ್ಥವಲ್ಲ.

ಹೊಟ್ಟೆಗೆ ಕೊಡುವ ಮದ್ದಿನ ವಿಷಯದಲ್ಲಿ ನಾನು ವೈದ್ಯಳಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡು, ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಶಿವಮೊಗ್ಗದ ಕಡೆಯ 64 ವರ್ಷದ ಮಹಿಳೆಯೊಬ್ಬರು ತಂಗಿಯ ಮನೆಯಲ್ಲಿದ್ದರು. ಒಂದು ಚಳಿಗಾಲ ಕೆಮ್ಮಿಗೆಂದು ತಂಗಿ ಜ್ಯೇಷ್ಠಮಧುವಿನ ಕಷಾಯ ಕೊಟ್ಟರು. ಸಿಹಿಯಾಗಿದ್ದರಿಂದ ಅಕ್ಕನಿಗೆ ಹಿಡಿಸಿತು, ಹಿಡಿಸಿದ್ದು ದಿನಚರಿಯಾಯಿತು. ಕೆಮ್ಮು ಹೋದರೂ ಸಂಜೆ 4 ಗಂಟೆಗೆ ಹಿತ್ತಾಳೆ ಲೋಟದಲ್ಲಿ ಕಷಾಯ ಬರಲೇಬೇಕು, ಬಾರದಿದ್ದರೆ ಅಂದಿನ ಸಂಜೆ ಕೆಟ್ಟಂತೆಯೇ. ಹೀಗೆ ಐದು ತಿಂಗಳು. ಜ್ಯೇಷ್ಠಮಧುವಿನ ಸಿಹಿ ಅಂಶವೇ ದೇಹದಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಟ್ಟು, ಪೊಟ್ಯಾಸಿಯಂ ಇಳಿಸಿ, ರಕ್ತದೊತ್ತಡ ಏರಿಸಬಲ್ಲದು. ನೀರು ಇಳಿಸುವ ಕೆಲವು ಬಿಪಿ ಮಾತ್ರೆ ನುಂಗುವವರಲ್ಲಿ ಪೊಟ್ಯಾಸಿಯಂ ಇನ್ನೂ ಬೇಗ ಇಳಿಯುತ್ತದೆ. ಆಕೆ ಅಂಥ ಮಾತ್ರೆ ನುಂಗುತ್ತಿದ್ದರು. ಕಾಲು ಊದಿತು. ಆದರೆ ಆಕೆ ಕಾಲು ಊದಿದೆಯೆಂದೋ ಸುಸ್ತೆಂದೋ ಹೇಳಲಿಲ್ಲ, ಚಪ್ಪಲಿ ಹಾಕುವುದನ್ನು ಬಿಟ್ಟರು. ಅದಕ್ಕೂ ಹಟವೆಂದೇ ಹೆಸರಾಯಿತು. ಪಾದ ನೋಡಿ ನಾನು ವೈದ್ಯರ ಬಳಿಗೆ ಕಳಿಸಿದೆ, ರಕ್ತಪರೀಕ್ಷೆಯಾಯಿತು. ವೈದ್ಯರು ಏನೇನು ಮಾತ್ರೆ ಎಂದು ಕೇಳಿದಾಗ ತಂಗಿ ಎಲ್ಲ ಚೀಟಿ ತೋರಿಸಿದರು, ಕಷಾಯದ ಮಾತೆತ್ತಲಿಲ್ಲ. "ಅದು ಮಾತ್ರೆ ಅಲ್ಲವಲ್ಲ ಮೇಡಂ" ಎಂದರು ನನಗೆ.

ಬಿಡಿಸುವುದು ಸುಲಭವಾಗಿರಲಿಲ್ಲ. ತಂಗಿ ಹೇಳದೆ ಕೇಳದೆ ಲೋಟದಲ್ಲಿ ಬೆಲ್ಲದ ನೀರು ಕೊಟ್ಟರು. ಅಕ್ಕ ಒಂದು ಗುಟುಕು ಕುಡಿದು, ಎದ್ದು ಹೋಗಿ, ಅದನ್ನು ದಾಸವಾಳದ ಗಿಡಕ್ಕೆ ಸುರಿದು, ಮುಂದಿನ ಎರಡು ದಿನ ಆ ಲೋಟದಲ್ಲಿ ನೀರನ್ನೂ ಮುಟ್ಟಲಿಲ್ಲ. ಇದಕ್ಕಾಗಿಯೇ ನಾನು ಕದ್ದು ಬೆರೆಸುವುದನ್ನು ಕಟುವಾಗಿ ವಿರೋಧಿಸುತ್ತೇನೆ. ದೋಸೆ ಹಿಟ್ಟಿನಲ್ಲಿ ಅಶ್ವಗಂಧದ ಪುಡಿ, ಮಜ್ಜಿಗೆಯಲ್ಲಿ ಯಾವುದೋ ಚೂರ್ಣ ಬೆರೆಸುವವರಿದ್ದಾರೆ. ಹತ್ತೋ ಹನ್ನೆರಡೋ ತಿನಿಸುಗಳ ಮೇಲೆ ಬದುಕುವವರಿಗೆ ನಂಬಿಕೆಯ ದೋಸೆ ಒಮ್ಮೆ ಕೆಟ್ಟರೆ ದೋಸೆಯೇ ಶಾಶ್ವತವಾಗಿ ಹೋಗಬಹುದು. ಅರವತ್ತು ದಾಟಿದವರಲ್ಲಿ ಹೀಗೆ ಒಂದೊಂದೇ ತಿನಿಸು ಕಳೆದುಕೊಳ್ಳುವುದು ತೂಕ ಇಳಿಯುವ ದಾರಿ. ಅಶ್ವಗಂಧವಾದರೂ ನಿದ್ರೆ ಮಾತ್ರೆಯ ಜೊತೆ ಮಂಪರು ಹೆಚ್ಚಿಸಬಹುದು, ಥೈರಾಯ್ಡಿನ ಲೆಕ್ಕ ತಪ್ಪಿಸಬಹುದು, ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಕೊಟ್ಟ ವರದಿಗಳೂ ಇವೆ. ಆಕೆಯ ವಿಷಯದಲ್ಲಿ ಕೊನೆಗೆ ಕೆಲಸ ಮಾಡಿದ್ದು ನೇರವಾಗಿ ಹೇಳಿದ್ದು. ವೈದ್ಯರ ಮಾತನ್ನು ಆಕೆಯ ದಿನಚರಿಯ ನೋಟ್‌ಬುಕ್ಕಿನಲ್ಲಿ ನಾನೇ ಬರೆದೆ: ಇಂಥ ದಿನದಿಂದ ಕಷಾಯವಿಲ್ಲ, ಕಾರಣ ಕಾಲು ಊತ, ಅದೇ ಹೊತ್ತಿಗೆ ಅದೇ ಲೋಟದಲ್ಲಿ ರಾಗಿ ಗಂಜಿ. ಆಕೆ ಓದಿ, "ಊತ" ಎಂಬ ಪದದ ಕೆಳಗೆ ಗೆರೆ ಎಳೆದು, ಗಂಜಿಗೆ ಸಕ್ಕರೆ ಎಷ್ಟೆಂದು ಕೇಳಿದರು.

ಮನೆಮದ್ದುಗಳ ಮೇಲೆ ನನಗೆ ದ್ವೇಷವಿಲ್ಲ. ನಾನೂ ಗಂಟಲು ಕೆರೆದರೆ ಉಪ್ಪುನೀರು ಮುಕ್ಕಳಿಸುವವಳೇ. ಆದರೆ ಇಂದ್ರಿಯಗಳ ಸೂಕ್ಷ್ಮತೆಯನ್ನು ಇಳಿಸುವುದೆಂದು ದೃಢಪಟ್ಟ ಗಿಡಮೂಲಿಕೆ ಒಂದೂ ನನಗೆ ಗೊತ್ತಿಲ್ಲ. ಮಾತು ಕಡಿಮೆಯೆಂದು ಅರವತ್ತರವರ ನಾಲಿಗೆಗೂ ಬಜೆ ಬೇರು ತೇಯ್ದು ಹಚ್ಚುವವರಿದ್ದಾರೆ. ಅಮೆರಿಕದಲ್ಲಿ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು 1968ರಲ್ಲೇ ನಿಷೇಧಿಸಿದ್ದಾರೆ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಿಸಬಲ್ಲದು, ಮತ್ತು ಆಟಿಸಂ ಇರುವವರಲ್ಲಿ ಫಿಟ್ಸ್ ಇತರರಿಗಿಂತ ಹೆಚ್ಚು. ಇಸಬ್ಗೋಲಿಗೆ ನೀರು ಧಾರಾಳವಾಗಿ ಬೇಕು. ಬಾಯಾರಿಕೆಯೇ ಸರಿಯಾಗಿ ಅರಿವಿಗೆ ಬಾರದವರಿಗೆ ಅದನ್ನು ಕೊಟ್ಟು ಸುಮ್ಮನಾದರೆ ಗಂಟಲಲ್ಲೋ ಕರುಳಲ್ಲೋ ಕಟ್ಟಿಕೊಳ್ಳಬಹುದು. ಬಿಸಿನೀರಿನಲ್ಲಿ ಕಾಲಿಡಿಸುವ ಮುನ್ನ ನಿಮ್ಮ ಮೊಣಕೈ ಅದ್ದಿ ನೋಡಿರಿ, ಸಕ್ಕರೆ ಕಾಯಿಲೆಯಿದ್ದರೆ ಬೇಡವೇ ಬೇಡ. ಹೆಚ್ಚಿನವರಿಗೆ ಒಗ್ಗಿದ್ದನ್ನು ನಾನು ಕಂಡಿರುವುದು ಮದ್ದಿನ ಡಬ್ಬಿಯಲ್ಲಲ್ಲ, ಬೀರುವಿನಲ್ಲಿ: ಒಗೆದು ಒಗೆದು ಮೆತ್ತಗಾದ ಹತ್ತಿ ಪಂಚೆ, ಲೇಬಲ್ ಬಿಚ್ಚಿದ ಅಂಗಿ, ಮತ್ತು ಹಳೆಯ ಭಾರದ ಕಂಬಳಿ. ಕಂಬಳಿ ಚುಚ್ಚುವುದರಿಂದ ಅದಕ್ಕೆ ಹತ್ತಿಯ ಹೊದಿಕೆ ಹೊಲಿಸಬೇಕು. ಉಸಿರಾಟದ ತೊಂದರೆಯಿರುವವರಿಗೆ, ತಾವೇ ತೆಗೆದು ಎಸೆಯುವ ಶಕ್ತಿಯಿಲ್ಲದವರಿಗೆ ಹೊದಿಸಬಾರದು.

ಕುವೆಂಪುನಗರದ ಮನೆಗೆ ಮರಳಿ ಹೋದದ್ದು ಎರಡು ತಿಂಗಳ ನಂತರ. ಅಷ್ಟರಲ್ಲಿ ಮಗನನ್ನು ಕೇಳಿ, ತಾಯಿಯನ್ನು ಒಪ್ಪಿಸಿ, ಒಂದು ಒಪ್ಪಂದಕ್ಕೆ ಬಂದಿದ್ದೆವು. ತಲೆ ಮುಟ್ಟಲೇಬಾರದೆಂದು ಅವರು ಹೇಳಿರಲಿಲ್ಲ. ಎಣ್ಣೆ ಬೇಡ, ಬೆರಳಾಡಿಸುವುದು ಬೇಡ, ಒಣ ಟವೆಲ್ಲು ಸುತ್ತಿ ಎರಡೂ ಅಂಗೈಯಿಂದ ಗಟ್ಟಿಯಾಗಿ ಒತ್ತಿದರೆ ಆಗಬಹುದೆಂದಿದ್ದರು. ಹಗುರ ಸ್ಪರ್ಶ ಕಿರಿಕಿರಿಯಾಗುವವರಲ್ಲಿ ಕೆಲವರಿಗೆ ಬಿಗಿಯಾದ, ಅಲುಗದ ಒತ್ತಡ ಹಿತವಾಗುತ್ತದೆ, ಎಲ್ಲರಿಗೂ ಅಲ್ಲ. ತಾಯಿಗೆ ಶನಿವಾರ ಮಗನ ತಲೆ ಮುಟ್ಟುವುದು ತಪ್ಪಬಾರದಿತ್ತು, ಅದು ತಪ್ಪಿರಲಿಲ್ಲ. ತಮ್ಮ ಮಂಡಿನೋವಿಗೆ ಮಾತ್ರ ಆಕೆ ಕರ್ಪೂರದ ಎಣ್ಣೆ ಈಗಲೂ ಕಾಸುತ್ತಾರೆ, ಹಿತ್ತಲಿನ ಸೌದೆ ಒಲೆಯಲ್ಲಿ, ಮಗ ವಾಕಿಂಗಿಗೆ ಹೋದ ಹೊತ್ತಿನಲ್ಲಿ. ಆ ಎಣ್ಣೆಯ ಸೀಸೆ ಹಿಂಬಾಗಿಲಿನ ಗೂಡಿನಲ್ಲಿತ್ತು. ಮುಚ್ಚಳಕ್ಕೆ ಎರಡು ಸುತ್ತು ಪ್ಲಾಸ್ಟಿಕ್ ಕಟ್ಟಿ, ಲೆಕ್ಕದ ಪುಸ್ತಕದ ಅದೇ ನೇರ ಅಕ್ಷರಗಳಲ್ಲಿ ಮಗ ಒಂದು ಚೀಟಿ ಅಂಟಿಸಿದ್ದರು: "ಅಮ್ಮನದು. ಹೊರಗೇ ಇರಲಿ."