ನಾಲಿಗೆ ಎಲ್ಲಿಡಬೇಕು ಅಂತ ತೋರಿಸಿ

ಮಗು ಕಾಗೆಯನ್ನು ನೋಡಿ ‘ತಾದೆ’ ಅನ್ನುತ್ತದೆ. ನೀವೂ ಮುದ್ದಿಗೆ ‘ತಾದೆ’ ಅಂದರೆ, ‘ಅಲ್ಲ, ತಾದೆ!’ ಎಂದು ಸಿಟ್ಟಾಗಬಹುದು. 1960ರಲ್ಲಿ ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ ಎಂಬ ಸಂಶೋಧಕರು ಇಂಥದ್ದೇ ಒಂದು ಪ್ರಸಂಗ ಬರೆದಿಟ್ಟರು. ಆಟಿಕೆ ಮೀನನ್ನು ‘ಫಿಸ್’ ಅನ್ನುತ್ತಿದ್ದ ಮಗು, ದೊಡ್ಡವರು ‘ಫಿಸ್’ ಅಂದರೆ ಒಪ್ಪಲಿಲ್ಲ. ‘ಫಿಶ್’ ಅಂದಾಗಲೇ ಒಪ್ಪಿತು. ಅಂದರೆ ಬೇರೆಯವರ ತಪ್ಪು ಕಿವಿಗೆ ಗೊತ್ತಾಗುತ್ತದೆ. ತನ್ನ ನಾಲಿಗೆ ಎಲ್ಲಿಗೆ ಹೋಗಬೇಕು ಅನ್ನೋದು ಮಾತ್ರ ಗೊತ್ತಿಲ್ಲ. ಅಂಥ ಮಗುವಿಗೆ ‘ಸರಿಯಾಗಿ ಹೇಳು’ ಅಂತ ಹತ್ತು ಸಲ ಗದರಿದರೆ ಏನು ಬಂತು?

ನಮ್ಮ ವರ್ಣಮಾಲೆಯ ವರ್ಗಗಳು ಗಂಟಲ ಕಡೆಯ ‘ಕ’ದಿಂದ ಹೊರಟು ತುಟಿಯ ‘ಪ’ಕ್ಕೆ ಬರುತ್ತವೆ. ಮಕ್ಕಳಿಗೆ ಸಾಮಾನ್ಯವಾಗಿ ತುಟಿಯ ಪ, ಬ, ಮ ಬೇಗ ಒಲಿಯುತ್ತವೆ. ಅವು ಕಣ್ಣಿಗೂ ಕಾಣುತ್ತವೆ, ಅಲ್ವಾ? ‘ಕ’ ಹುಟ್ಟುವುದು ಬಾಯಿಯ ಹಿಂದೆ, ಕತ್ತಲಲ್ಲಿ.

ಆ ಕತ್ತಲಿಗೆ ಬೆಳಕು ಬಿಡಬೇಕು. ಇಬ್ಬರ ಮುಖವೂ ಕಾಣುವ ಹಾಗೆ ಕನ್ನಡಿ ಮುಂದೆ ಕೂರಿ. ಬಾಯಿ ಅಗಲಿಸಿ ‘ತಾ’ ಅನ್ನಿ. ನಾಲಿಗೆಯ ತುದಿ ಚಕ್ಕನೆ ಮೇಲೆದ್ದು ಹಲ್ಲಿಗೆ ತಾಗುತ್ತದೆ. ಈಗ ‘ಕಾ’ ಅನ್ನಿ. ತುದಿ ಕೆಳಹಲ್ಲಿನ ಹಿಂದೆ ಸುಮ್ನೆ ಮಲಗಿರುತ್ತದೆ, ಹಿಂಬದಿ ಮಾತ್ರ ಗುಡ್ಡದ ಹಾಗೆ ಏಳುತ್ತದೆ. ಟಾರ್ಚ್ ಬಿಟ್ಟರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಆಮೇಲೆ ಒಂದು ಕೈಯನ್ನು ಅಂಗುಳದಂತೆ ಬೋರಲು ಹಿಡಿದು, ಇನ್ನೊಂದು ಕೈಗೆ ಕೆಂಪು ಕಾಲುಚೀಲ ಹಾಕಿ ನಾಲಿಗೆ ಮಾಡಿ. ಮಗು ತಾನೇ ಅದನ್ನು ಆಡಿಸಲಿ.

‘ಬ’ ಮತ್ತು ‘ಮ’ ತುಟಿಯಲ್ಲಿ ಒಂದೇ ಥರ ಕಾಣುತ್ತವೆ. ಪುಟ್ಟ ಕನ್ನಡಿಯನ್ನು ಮೂಗಿನ ಕೆಳಗೆ ಅಡ್ಡ ಹಿಡಿದು ‘ಮ್‌ಮ್‌ಮ್’ ಅನ್ನಿಸಿ, ಮಬ್ಬಾಗುತ್ತದೆ. ‘ಬಬಬ’ ಅಂದಾಗ ಆಗುವುದಿಲ್ಲ. ಹೇಳಿ ಮುಗಿದ ತಕ್ಷಣ ಕನ್ನಡಿ ತೆಗೆಯಿರಿ, ಇಲ್ಲದಿದ್ದರೆ ಉಸಿರಿಗೇ ಮಬ್ಬಾಗಿಬಿಡುತ್ತದೆ.

ಮಾತು ಕೇಳುವುದರಲ್ಲಿ ಕಣ್ಣಿಗೂ ಪಾಲಿದೆ. 1976ರಲ್ಲಿ ಮೆಗರ್ಕ್ ಮತ್ತು ಮೆಕ್‌ಡೊನಾಲ್ಡ್ ಎಂಬ ಸಂಶೋಧಕರು ‘ಗ’ ಅನ್ನುವ ತುಟಿಗೆ ‘ಬ’ದ ದನಿ ಜೋಡಿಸಿ ತೋರಿಸಿದರು. ಹೆಚ್ಚಿನವರಿಗೆ ‘ಡ’ ಕೇಳಿಸಿತು! ಈಗ ಕೆಲವು ಕಡೆ ಗದ್ದದ ಕೆಳಗೆ ಅಲ್ಟ್ರಾಸೌಂಡ್ ಹಿಡಿದು, ನಾಲಿಗೆ ಓಡಾಡುವುದನ್ನು ಪರದೆಯ ಮೇಲೇ ಮಗುವಿಗೆ ತೋರಿಸುತ್ತಾರೆ. ಪೀಪಿ ಊದಿಸುವುದು, ನಾಲಿಗೆ ಚಾಚಿಸುವುದು ಇಂಥ ಕಸರತ್ತಿನಿಂದಲೇ ಉಚ್ಚಾರಣೆ ತಿದ್ದುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಆ ಹೊತ್ತನ್ನು ಅಕ್ಷರದ ಸದ್ದಿಗೇ ಕೊಡಿ ಅಂತೀನಿ.

ನಾಲ್ಕು ವರ್ಷವಾದರೂ ಹೊರಗಿನವರಿಗೆ ಮಗುವಿನ ಮಾತು ಅರ್ಥವಾಗದಿದ್ದರೆ ಕಾಯಬೇಡಿ. ಕಿವಿ ಪರೀಕ್ಷೆ ಮಾಡಿಸಿ, ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ. ಮನೆಯಲ್ಲಿ ದಿನಕ್ಕೆ ಐದು ನಿಮಿಷದ ಕನ್ನಡಿ ಆಟ ಸಾಕು. ಮೊದಲು ಬರೀ ‘ಕಾ’. ಅದು ಕೂತ ಮೇಲೆ ‘ಕೈ’, ‘ಕಾಲು’. ಕಾಗೆಯಲ್ಲಿ ‘ಕ’, ‘ಗ’ ಎರಡೂ ಇವೆ, ಅದು ಆಮೇಲೆ ಬರಲಿ.