ಚಳಿಗಾಲದಲ್ಲಿ ಮನೆಯೊಳಗಿನ ಗಿಡ: ನೀರು ಹಾಕುವ ಮುನ್ನ ಮಣ್ಣು ಮುಟ್ಟಿ ನೋಡಿ

ಚಳಿಗಾಲ ಶುರುವಾಗುತ್ತಿದ್ದಂತೆ ಒಳಾಂಗಣ ಗಿಡಗಳ ಬಗ್ಗೆ ಬರುವ ದೂರು ಹೆಚ್ಚುಕಡಿಮೆ ಒಂದೇ: ಕೆಳಗಿನ ಎಲೆ ಹಳದಿಯಾಗುತ್ತಿವೆ, ಗಿಡ ಜೋತುಬಿದ್ದಿದೆ, ನೀರನ್ನಂತೂ ತಪ್ಪದೆ ಹಾಕುತ್ತಿದ್ದೇವೆ. ಕೊನೆಯ ಆ ಮಾತಿನಲ್ಲೇ ಕಾರಣವೂ ಇರುತ್ತದೆ. ಮನಿ ಪ್ಲಾಂಟ್, ಮಾನ್‌ಸ್ಟೆರಾ, ಪೀಸ್ ಲಿಲಿ, ಕ್ಯಾಲೇಥಿಯಾದಂಥ ಉಷ್ಣವಲಯದ ಗಿಡಗಳು ಮನೆಯೊಳಗೆ ಚಳಿಗಿಂತ ನೀರಿನಿಂದಲೇ ಹೆಚ್ಚು ಹಾಳಾಗುತ್ತವೆ.

ಹಗಲು ಚಿಕ್ಕದಾಗಿ ಬೆಳಕು ತಗ್ಗಿದಾಗ ಎಲೆಗಳು ಆಹಾರ ತಯಾರಿಸುವುದೂ ಆವಿ ಬಿಡುವುದೂ ಕಡಿಮೆಯಾಗುತ್ತದೆ. ಬೇರಿಗೆ ಅಷ್ಟು ನೀರು ಬೇಕಾಗುವುದಿಲ್ಲ. ಬೇಸಿಗೆಯ ಲೆಕ್ಕದಲ್ಲೇ ನೀರು ಹಾಕುತ್ತಾ ಹೋದರೆ ಮಣ್ಣಿನ ಸಂದಿಗಳಲ್ಲಿ ಗಾಳಿಯ ಬದಲು ನೀರೇ ನಿಂತು ಬೇರಿಗೆ ಉಸಿರು ಕಟ್ಟುತ್ತದೆ. ಪಿಥಿಯಮ್‌ನಂಥ ಕೊಳೆರೋಗಾಣುಗಳಿಗೆ ಬೇಕಾದ್ದೂ ಅದೇ. ಬೇರು ಸತ್ತ ಮೇಲೆ ಮಣ್ಣು ಒದ್ದೆ ಇದ್ದರೂ ಎಲೆಗೆ ನೀರು ತಲುಪದೆ ಗಿಡ ಬಾಡುತ್ತದೆ. ಬಾಡಿತಲ್ಲ ಎಂದು ಇನ್ನೊಂದು ಚೊಂಬು ಸುರಿದರೆ ಮುಗಿಯಿತು.

ಹಾಗಾಗಿ ವಾರಕ್ಕೆ ಇಷ್ಟು ಸಲ ಎಂಬ ಲೆಕ್ಕ ಬಿಡಿ. ಬೆರಳನ್ನು ಎರಡನೇ ಗೆಣ್ಣಿನವರೆಗೆ, ಅಂದರೆ ಸುಮಾರು 5 ಸೆಂ.ಮೀ. ಮಣ್ಣಿಗೆ ಇಳಿಸಿ; ಅಲ್ಲಿಯವರೆಗೂ ಒಣಗಿದ್ದರೆ ಮಾತ್ರ ನೀರು. ದೊಡ್ಡ ಕುಂಡವಾದರೆ ಮರದ ಕಡ್ಡಿಯೊಂದನ್ನು ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ, ಒದ್ದೆ ಎಲ್ಲಿಯವರೆಗಿದೆ ಎಂದು ತಿಳಿಯುತ್ತದೆ. ಸ್ನೇಕ್ ಪ್ಲಾಂಟ್ ಮತ್ತು ಜೀಜೀ ಪ್ಲಾಂಟ್‌ಗೆ ಕುಂಡದ ಮಣ್ಣು ಪೂರ್ತಿ ಒಣಗಬೇಕು. ಮೂರು ನಾಲ್ಕು ವಾರ ನೀರಿಲ್ಲದಿದ್ದರೂ ಅವಕ್ಕೆ ಏನೂ ಆಗುವುದಿಲ್ಲ. ಕ್ಯಾಲೇಥಿಯಾವನ್ನು ಮಾತ್ರ ಅಷ್ಟು ಒಣಗಿಸಬೇಡಿ. ನೀರು ಹಾಕುವ ದಿನ ಗುಟುಕು ಗುಟುಕಾಗಿ ಹಾಕದೆ ತಳದ ರಂಧ್ರದಿಂದ ಹೊರಬರುವಷ್ಟು ಹಾಕಿ, ಅರ್ಧ ಗಂಟೆಯೊಳಗೆ ತಟ್ಟೆಯ ನೀರು ಚೆಲ್ಲಿಬಿಡಿ. ನೀರು ಕೋಣೆಯಷ್ಟೇ ಬೆಚ್ಚಗಿರಲಿ.

ಅನುಮಾನ ಬಂದರೆ ಗಿಡವನ್ನು ಕುಂಡದಿಂದ ಹೊರತೆಗೆದು ನೋಡುವುದೇ ಸರಿ. ಒಳ್ಳೆಯ ಬೇರು ಬೆಳ್ಳಗೆ ಅಥವಾ ತಿಳಿ ಕಂದಾಗಿ ಗಟ್ಟಿ ಇರುತ್ತದೆ. ಕೊಳೆತದ್ದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಬಂದು ಒಳಗಿನ ದಾರದಂಥ ಎಳೆ ಉಳಿಯುತ್ತದೆ, ಕೊಚ್ಚೆಯ ವಾಸನೆಯೂ ಬರುತ್ತದೆ. ಅಂಥ ಬೇರನ್ನೆಲ್ಲ ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಗಟ್ಟಿ ಭಾಗದವರೆಗೆ ಕತ್ತರಿಸಿ, ಹಳೆಯ ಮಣ್ಣು ಉದುರಿಸಿ, ಉಳಿದ ಬೇರಿಗೆ ತಕ್ಕ ಚಿಕ್ಕ ಕುಂಡದಲ್ಲಿ ಹೊಸ ಮಿಶ್ರಣ ಹಾಕಿ ನೆಡಿ. ಎರಡು ಭಾಗ ಕೊಕೊಪೀಟ್‌ಗೆ (ತೆಂಗಿನ ನಾರಿನ ಪುಡಿ) ಒಂದು ಭಾಗ ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಇದ್ದರೆ ನೀರು ನಿಲ್ಲುವುದಿಲ್ಲ. ಚಳಿಗಾಲದಲ್ಲಿ ಕುಂಡ ಬದಲಿಸಬಾರದು ಎಂಬ ಮಾತು ನಿಜವೇ, ಆದರೆ ಬೇರು ಕೊಳೆಯುತ್ತಿರುವ ಗಿಡಕ್ಕೆ ಅದು ಅನ್ವಯಿಸದು.

ಇನ್ನು ಜಾಗ. ಈ ಗಿಡಗಳಲ್ಲಿ ಹೆಚ್ಚಿನವು 18ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿರುತ್ತವೆ. 15ಕ್ಕಿಂತ ಇಳಿದರೆ ಬೆಳವಣಿಗೆ ನಿಲ್ಲುತ್ತದೆ, 10ರ ಹತ್ತಿರ ಎಲೆಯ ಜೀವಕೋಶಗಳೇ ಹಾಳಾಗುತ್ತವೆ. ಆ ಕಪ್ಪು, ನೀರೂರಿದ ಮಚ್ಚೆ ಕೆಲವು ದಿನ ಬಿಟ್ಟು ಕಾಣಿಸುವುದರಿಂದ ಕಾರಣ ಹೊಳೆಯುವುದಿಲ್ಲ. ಹಗಲು ಬೆಳಕಿಗಾಗಿ ಕಿಟಕಿಯ ಹತ್ತಿರ ಸರಿಸಿ, ಆದರೆ ಎಲೆ ಗಾಜಿಗೆ ತಾಗಬಾರದು. ರಾತ್ರಿ ಪರದೆ ಎಳೆಯುವಾಗ ಗಿಡ ಪರದೆ ಮತ್ತು ಗಾಜಿನ ನಡುವೆ ಸಿಕ್ಕಿಕೊಳ್ಳದಂತೆ ನೋಡಿ, ಕೋಣೆಯಲ್ಲೆಲ್ಲ ತೀರಾ ಚಳಿಯ ಜಾಗ ಅದು. ಎಲೆಯ ಮೇಲಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಇರುವ ಸ್ವಲ್ಪ ಬೆಳಕನ್ನೂ ಅದು ತಡೆಯುತ್ತದೆ. ಬೆಳಕು ಸಾಲದಿದ್ದರೆ ಗಿಡಗಳಿಗೆಂದೇ ಸಿಗುವ ದೀಪವಾದ ಗ್ರೋ ಲೈಟನ್ನು ಗಿಡದಿಂದ 30 ಸೆಂ.ಮೀ. ಆಸುಪಾಸಿನಲ್ಲಿಟ್ಟು ದಿನಕ್ಕೆ 12 ಗಂಟೆ ಉರಿಸಬಹುದು.

ಹೀಟರ್ ಹಾಕುವ ಮನೆಯಲ್ಲಿ ಗಾಳಿ ಒಣಗಿ ಕ್ಯಾಲೇಥಿಯಾದಂಥವುಗಳ ಎಲೆಯಂಚು ಕಂದಾಗುತ್ತದೆ. ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸುವುದು ಬಹುತೇಕ ವ್ಯರ್ಥ ಕೆಲಸ. ಆ ಹನಿ ಆರುವವರೆಗಷ್ಟೇ ಅದರ ಪ್ರಯೋಜನ. ಗಾಳಿಗೆ ತೇವ ಸೇರಿಸುವ ಹ್ಯೂಮಿಡಿಫೈಯರ್ ಯಂತ್ರ ಇಟ್ಟು ತೇವಾಂಶವನ್ನು ಶೇ 50ರ ಸುತ್ತ ಕಾಯ್ದುಕೊಂಡರೆ ಫಲ ಸಿಗುತ್ತದೆ.

ಒಣ ಬೆಚ್ಚನೆಯ ಗಾಳಿಯಲ್ಲಿ ಜೇಡ ನುಸಿ ಬೇಗ ಹೆಚ್ಚುತ್ತದೆ. ಎಲೆಯ ಮೇಲೆ ಸೂಜಿ ಚುಚ್ಚಿದಂಥ ಬಿಳಿ ಚುಕ್ಕೆ ಕಂಡರೆ ಕೆಳಗೊಂದು ಬಿಳಿ ಹಾಳೆ ಹಿಡಿದು ಎಲೆ ತಟ್ಟಿ. ಉದುರಿದ ಪುಡಿಯಲ್ಲಿ ಚುಕ್ಕೆಗಳು ನಡೆದಾಡಿದರೆ ಅದು ನುಸಿ. ಗಿಡವನ್ನು ಬೇರೆಯವುಗಳಿಂದ ದೂರವಿಟ್ಟು, ಎಲೆಯ ಅಡಿಭಾಗವನ್ನು ನೀರಿನಲ್ಲಿ ಜೋರಾಗಿ ತೊಳೆದು, ಗಿಡಗಳಿಗೆಂದೇ ಸಿಗುವ ಕೀಟನಾಶಕ ಸೋಪನ್ನು ಡಬ್ಬಿಯಲ್ಲಿ ಬರೆದ ಪ್ರಮಾಣದಲ್ಲಿ ಸಿಂಪಡಿಸಿ. ಸೋಪು ಮೊಟ್ಟೆಯನ್ನು ಕೊಲ್ಲದು, ಆದ್ದರಿಂದ ವಾರಕ್ಕೊಮ್ಮೆಯಂತೆ ಮೂರು ಸಲ ಮಾಡಬೇಕು. ಒಂದೇ ಸಲಕ್ಕೆ ಕೈಬಿಟ್ಟವರ ಗಿಡಕ್ಕೆ ನುಸಿ ಮತ್ತೆ ಬರುವುದು ಇದಕ್ಕೇ.

ಗೊಬ್ಬರವನ್ನು ಈ ತಿಂಗಳುಗಳಲ್ಲಿ ನಿಲ್ಲಿಸಿ. ಬೆಳೆಯದ ಗಿಡಕ್ಕೆ ಹಾಕಿದ ಗೊಬ್ಬರ ಉಪ್ಪಾಗಿ ಮಣ್ಣಿನಲ್ಲಿ ಉಳಿದು ಬೇರಿನ ತುದಿ ಸುಡುತ್ತದೆ. ಹಗಲು ಮತ್ತೆ ಉದ್ದವಾಗಿ ಹೊಸ ಚಿಗುರು ಕಂಡಾಗ ಅರ್ಧ ಪ್ರಮಾಣದಿಂದ ಶುರುಮಾಡಿ.